ಟಕ್‌ವೆಲ್ ಬೂಟು

ರೇಲೀನ್ ಟಕ್‌ವೆಲ್ ನಡೆಯಲು ಕಲಿತಾಗಿನಿಂದ ಬೂಟು ಹಾಕಿಕೊಂಡೇ ಕಾಡು ತಿರುಗಿದವಳು. ಆದರೂ ಒಂದು ಬೂಟನ್ನು ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಅದು ಹಳದಿ ಸ್ಟಿಕ್ಕರಿನ ಮೇಲಿರುವ ಬೂಟು. ನಮ್ಮೂರು ಕಾರ್ಡನಪ್ ಸುತ್ತಮುತ್ತ ಬೆಂಕಿಯ ಕೆಲಸಕ್ಕೆ ಹೋಗುವ ಯಾವ ಗಾಡಿಯ ಬಾಗಿಲು ತೆರೆದರೂ ಸ್ಟಿಯರಿಂಗ್ ಪಕ್ಕದಲ್ಲಿ ಅಂಟಿಕೊಂಡಿರುತ್ತದೆ. ಕಣಕಾಲುಮಟ್ಟ ನೀರಿನಲ್ಲಿ ನಿಂತ ಒಂದು ಬೂಟು, ಕೆಳಗೆ ದಪ್ಪಕ್ಷರದಲ್ಲಿ ‘ಟಕ್‌ವೆಲ್ ಬೂಟು: ಒದ್ದೆಯಾದರೆ ಬೆಂಕಿ ಹಚ್ಚು’. ಕೆಲಸಕ್ಕೆ ಹೊಸದಾಗಿ ಸೇರಿದವರು ಅವಳನ್ನು ಕಂಡರೆ, "ಓ, ಆ ಟಕ್‌ವೆಲ್ ನೀವೇನಾ?" ಎಂದು ಕಣ್ಣರಳಿಸುತ್ತಾರೆ.

"ಅಲ್ಲಪ್ಪಾ, ಅವಳು ಸತ್ತೋದ್ಲು," ಅನ್ನುತ್ತಾಳೆ ರೇಲೀನ್.

ಅನ್ನದೆ ಇನ್ನೇನು ಮಾಡಿಯಾಳು? ಅಲ್ಲ, ನೀವೇ ಹೇಳಿ. ತಾನು ಆಡಿದ ಮಾತಿನ ರುಂಡ ಕತ್ತರಿಸಿ, ಮುಂಡಕ್ಕೆ ತನ್ನ ಹೆಸರು ಕಟ್ಟಿ ಊರೂರು ಮೆರವಣಿಗೆ ಮಾಡಿದರೆ ಯಾರಿಗೆ ತಾನೇ ಸಹಿಸಲು ಆದೀತು? ಕೆಟ್ಟದ್ದು ಮಾಡಿ ಹೆಸರು ಕೆಡಿಸಿಕೊಂಡವರನ್ನು ಎಲ್ಲರೂ ಕಂಡಿದ್ದೇವೆ. ಇವಳ ಹೆಸರನ್ನು ಹೊಗಳಿ ಹೊಗಳಿಯೇ ಕೆಡಿಸಿದರು.

ಅವಳ ಅಪ್ಪ ಕ್ಲೆಮ್ ಕಾವಲು ಮರದವನು. ದಿಬ್ಬದ ತುದಿಯ ಅತಿ ಎತ್ತರದ, ಕಾರಿ ಎಂಬ ನೀಲಗಿರಿ ಜಾತಿಯ ಮರಕ್ಕೆ ಸುತ್ತಲೂ ಕಬ್ಬಿಣದ ಗೂಟ ಹೊಡೆದು, ನೆತ್ತಿಯಲ್ಲಿ ಹಲಗೆಯ ಗೂಡು ಕಟ್ಟಿದ್ದರು. ಬೇಸಿಗೆಯೆಲ್ಲ ಅವನು ಅಲ್ಲಿ ಕೂತು ಹೊಗೆ ಎಲ್ಲಿ ಏಳುತ್ತದೆ ಎಂದು ನೋಡಬೇಕು, ವೈರ್‌ಲೆಸ್‌ನಲ್ಲಿ ಹೇಳಬೇಕು. ಸಂಜೆ ಊಟಕ್ಕೆ ಕೂತಾಗ ಅವನು ಮಗಳಿಗೆ ರಾಜಕುಮಾರಿಯರ ಕಥೆ ಹೇಳಲಿಲ್ಲ. ‘ಕೆಂಪು ಬಾವುಟ’ದ ಕಥೆ ಹೇಳಿದ. ಅವನ ಕಾಲದಲ್ಲಿ ಒಮ್ಮೆ ದೊಡ್ಡ ಕಾಡ್ಗಿಚ್ಚಿನ ನಡುವೆ, ‘ಗಾಳಿ ತಿರುಗಿದರೆ ಕೆಳಗಿನ ದಾರಿ ಹಿಡಿಯಬೇಡಿ’ ಎಂಬ ಮಾತು ಒಂದು ಗುಂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತ ಹೋಗುತ್ತ ಸವೆದು, ಕೊನೆಯವರಿಗೆ ಮುಟ್ಟುವಾಗ ಬರೀ ‘ಕೆಳಗಿನ ದಾರಿ’ ಆಗಿತ್ತು. ಅವರು ಕೆಳಗಿನ ದಾರಿಯನ್ನೇ ಹಿಡಿದರು. ಹಿಂದಿರುಗಿ ಬರಲಿಲ್ಲ.

ಅಂದಿನಿಂದ ನಮ್ಮವರಲ್ಲಿ ಒಂದು ಕಟ್ಟಳೆ. ಬೆಂಕಿಯ ಕೆಲಸದಲ್ಲಿರುವ ಯಾರೇ ಆಗಲಿ, ಚಹಾ ಕಾಯಿಸುವವನೇ ಆಗಲಿ, ಅಪಾಯ ಕಂಡರೆ ವೈರ್‌ಲೆಸ್ ಹಿಡಿದು ‘ಕೆಂಪು ಬಾವುಟ’ ಎನ್ನಬಹುದು. ಅಂದ ಕೂಡಲೇ ಎಲ್ಲರೂ ಬೆಂಕಿ ಹಚ್ಚುವುದನ್ನು ನಿಲ್ಲಿಸಬೇಕು. ಪ್ರತಿ ಗುಂಪಿನ ಮುಖ್ಯಸ್ಥನೂ ಕೇಳಿದ ಮಾತನ್ನು ಪೂರ್ತಿಯಾಗಿ ತಿರುಗಿ ಹೇಳಬೇಕು. ಒಂದು ತುಣುಕು ಬಿಟ್ಟರೂ ಮತ್ತೆ ಹೇಳಿಸಬೇಕು. ಎಲ್ಲರೂ ಒಪ್ಪಿಸುವವರೆಗೆ ಒಂದು ಬೆಂಕಿಕಡ್ಡಿಯನ್ನೂ ಗೀರುವಂತಿಲ್ಲ.

"ಮಾತು ಅರ್ಧ ತಲುಪಿದ್ರೆ ತಲುಪದೇ ಇರೋದಕ್ಕಿಂತ ಕಡೆ ಕಣಮ್ಮ," ಎನ್ನುತ್ತಿದ್ದ ಕ್ಲೆಮ್. ಮಗಳು ಅದನ್ನು ಅನ್ನದ ಜೊತೆಗೇ ಉಂಡು ಬೆಳೆದಳು.

ಶಾಲೆ ಮುಗಿಸಿದವಳು ಬೆಂಕಿ ಸಂಶೋಧನಾ ಠಾಣೆಯಲ್ಲಿ ಕೆಲಸಕ್ಕೆ ನಿಂತಳು. ಕಾಡಿನ ತರಗೆಲೆಯನ್ನು ಡಬ್ಬಿಯಲ್ಲಿ ತುಂಬಿ ತರುವುದು, ತೂಗುವುದು, ಒಲೆಯಲ್ಲಿ ಒಣಗಿಸಿ ಮತ್ತೆ ತೂಗುವುದು, ಎಷ್ಟು ತೇವ ಇತ್ತೆಂದು ಲೆಕ್ಕ ಹಾಕುವುದು. ಜೊತೆಜೊತೆಗೇ ಓದಿ ಪದವಿ ಪಡೆದಳು, ಅದೇ ಠಾಣೆಯ ಸಂಶೋಧಕಿಯಾದಳು. ಶಾಲಾ ಬಸ್ಸು ಓಡಿಸುವ ಲಿಂಡ್ಸೆಯನ್ನು ಮದುವೆಯಾದಳು. ಮೂಗಿನ ತುದಿಯಲ್ಲಿ ಕೋಪ, ಕೈಯಲ್ಲಿ ಸದಾ ಮಣ್ಣು. ಅವಳ ಓದೆಲ್ಲ ಜೌಗಿನ ಮೇಲೆ.

ಜೌಗು ಎಂದರೆ ಸಾಮಾನ್ಯದ್ದಲ್ಲ. ನಮ್ಮ ಕಡೆ ದಿಬ್ಬದ ಮೇಲೆ ಕಾರಿ ಮರದ ಕಾಡು, ದಿಬ್ಬ-ದಿಬ್ಬದ ನಡುವೆ ಆಪು ಹುಲ್ಲು ಬೆಳೆದ ಜೌಗು. ಸಾವಿರಾರು ವರ್ಷದ ಬೇರು, ಎಲೆ, ನಾರು ಕೊಳೆತು ಆಳೆತ್ತರ ಕೂತ ಕರಿಮಣ್ಣು ಅದು. ನೆನೆದಿದ್ದರೆ ಕಾಡಿಗೆ ಅದೇ ತಾಯಿ. ಒಣಗಿದರೆ ಮಣ್ಣಲ್ಲ, ಕಟ್ಟಿಗೆ! ಒಮ್ಮೆ ಹತ್ತಿಕೊಂಡರೆ ನೆಲದೊಳಗೇ ತಿಂಗಳುಗಟ್ಟಲೆ ಉರಿಯುತ್ತದೆ, ಉರಿದದ್ದು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಮತ್ತೆ ಕೂಡುವುದಿಲ್ಲ. ಆ ಕರಿಮಣ್ಣಿನ ಬಿಲದಲ್ಲಿ ಹೆಬ್ಬೆರಳಿನಷ್ಟು ದೊಡ್ಡ, ಕಿತ್ತಳೆ ಹೊಟ್ಟೆಯ ಒಂದು ಕಪ್ಪೆ ಇದೆ. ಲೋಕದಲ್ಲಿ ಅದು ಇರುವುದೇ ನಮ್ಮ ಈ ಹಿಡಿಯಷ್ಟು ಜೌಗುಗಳಲ್ಲಿ.

ದಿಬ್ಬದ ಕಾಡಿಗೆ ಮಾತ್ರ ಆಗಾಗ ಬೆಂಕಿ ಬೇಕು. ಹದ ನೋಡಿ ನಾವೇ ಸಣ್ಣಗೆ ಹಚ್ಚದಿದ್ದರೆ ಬೇಸಿಗೆಯಲ್ಲಿ ಅದೇ ದೊಡ್ಡ ಕಿಚ್ಚಾಗಿ ಬಂದು ಊರನ್ನೇ ನುಂಗುತ್ತದೆ. ಇಲ್ಲಿನ ಮೂಲದ ನೂಂಗರ್ ಜನ ಋತು ನೋಡಿ ಹೀಗೆಯೇ ಹಚ್ಚುತ್ತಿದ್ದರು. ಅವರನ್ನು ಕಳ್ಳರಂತೆ ಓಡಿಸಿ, ಊರುಗಟ್ಟಲೆ ಸುಟ್ಟುಕೊಂಡ ಮೇಲೆ ಸರ್ಕಾರಕ್ಕೆ ಬುದ್ಧಿ ಬಂತು, ಹದಬೆಂಕಿ ಎಂಬುದನ್ನು ತಾನೇ ಕಂಡುಹಿಡಿದಂತೆ ಶುರು ಮಾಡಿತು. ಆ ಸಂಕಟ ಬೇರೆಯೇ ಇದೆ, ಇರಲಿ.

ನಮ್ಮ ಕಡೆ ಮಳೆ ಬರುವುದು ಚಳಿಗಾಲದಲ್ಲಿ. ಅದು ಮುಗಿಯುತ್ತಿದ್ದಂತೆ ಕಾರ್ಡನಪ್ ಸಭಾಭವನದಲ್ಲಿ ಪ್ರತಿವರ್ಷ ಬೆಂಕಿಯವರ ಕೂಟ ಸೇರುತ್ತದೆ. ಸಂಶೋಧಕರು, ಹದಬೆಂಕಿಯ ಗುಂಪಿನವರು, ಊರ ಸ್ವಯಂಸೇವಕರು ಎಲ್ಲ ಬಂದು, ಈ ವರ್ಷ ಏನು ಕಲಿತೆವು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ತಪ್ಪಾದದ್ದನ್ನೂ ಹೇಳಬೇಕು, ಆದರೆ ಯಾರ ಹೆಸರನ್ನೂ ಎತ್ತಬಾರದು. ಒಳ್ಳೆಯ ಪದ್ಧತಿಯೇ. ಬಹಳ ವರ್ಷದ ಹಿಂದೆ ರೇಲೀನ್ ಅಲ್ಲಿ ಎದ್ದು ನಿಂತು ಹೇಳಿದ್ದು ಇಷ್ಟು: "ಚಳಿಗಾಲದುದ್ದಕ್ಕೂ ಬಿಡದೆ ಮಳೆ ಹೊಡೆದು ಕರಿಮಣ್ಣು ತಳದವರೆಗೂ ನೆನೆದಿರ್ಬೇಕು. ಅದರ ಮೇಲೆ ಕಣಕಾಲು ಮುಳುಗೋಷ್ಟು ನೀರು ನಿಂತಿರ್ಬೇಕು. ಎರಡೂ ಇದ್ರೆ ಧೈರ್ಯವಾಗಿ ದಿಬ್ಬಕ್ಕೆ ಹಚ್ಚಿ, ಜೌಗೇ ಬೆಂಕಿರೇಖೆ ಥರ ತಡೆಯತ್ತೆ."

ಎರಡೂ ಇದ್ದರೆ! ಕಿವಿಯಿದ್ದವರೆಲ್ಲ ಕೇಳಿಸಿಕೊಂಡರು, ತಲೆಯಾಡಿಸಿದರು, ಚಪ್ಪಾಳೆ ತಟ್ಟಿದರು. ಮರುವರ್ಷ ಬೇರೊಬ್ಬ ತನ್ನ ಭಾಷಣದಲ್ಲಿ ‘ಟಕ್‌ವೆಲ್ ಹೇಳಿದ ಹಾಗೆ ಜೌಗು ನೆನೆದು ನೀರು ನಿಂತಿದ್ದರೆ’ ಎಂದ. ಆಮೇಲಿನ ವರ್ಷ ‘ನೆನೆದು’ ಉದುರಿಹೋಯಿತು. ತರಬೇತಿ ಕೊಡುವ ಮಹಾಶಯನೊಬ್ಬ ‘ನೀರು ನಿಂತಿದ್ದರೆ’ ಎನ್ನುವುದನ್ನು ‘ಬೂಟು ಒದ್ದೆಯಾದರೆ’ ಮಾಡಿದ. ಕೊನೆಗೆ ಯಾವನೋ ಪುಣ್ಯಾತ್ಮ ಸ್ಟಿಕ್ಕರ್ ಮಾಡಿಸಿ ಹಂಚಿದ. ರೇಲೀನ್ ಅದನ್ನು ಹಿಡಿದುಕೊಂಡು ಹೋಗಿ, "ಚಳಿಗಾಲದ ಮಳೆ ಎಲ್ರೀ ಹೋಯ್ತು ಇದ್ರಲ್ಲಿ?" ಎಂದು ಕೇಳಿದರೆ, "ಜಾಗ ಸಾಲಲ್ಲ ಕಣೇ ಮಾರಾಯ್ತಿ, ಸ್ಟಿಕ್ಕರ್ ಇರೋದೇ ಇಷ್ಟು," ಎಂದು ನಕ್ಕರು. ವರ್ಷವರ್ಷವೂ ಮಳೆ ಚೆನ್ನಾಗಿ ಆಗುತ್ತಿದ್ದುದರಿಂದ ಸ್ಟಿಕ್ಕರಿನ ಸುಳ್ಳು ಯಾರಿಗೂ ತಟ್ಟಲಿಲ್ಲ. ಅವಳೂ ಗೊಣಗಿ ಸುಮ್ಮನಾದಳು.

ಹೋದ ವರ್ಷ ತಟ್ಟಿತು. ಚಳಿಗಾಲವೆಲ್ಲ ಆಕಾಶ ಬೋಳು. ವಸಂತ ಕಾಲಿಟ್ಟ ಮೇಲೆ ಒಂದೇ ಒಂದು ವಾರ ಧೋ ಎಂದು ಮಳೆ ಸುರಿಯಿತು. ಡಂಕ್ಲೀ ಜೌಗಿನಲ್ಲಿ ನೀರು ನಿಂತಿತು, ಸುತ್ತಲ ದಿಬ್ಬಕ್ಕೆ ಹಚ್ಚುವುದೆಂದು ತೀರ್ಮಾನವೂ ಆಯಿತು. ಹಚ್ಚುವ ದಿನ ಬೆಳಗ್ಗೆ ರೇಲೀನ್ ಅಲ್ಲಿಗೆ ಹೋಗಿ, ಬೋರಲು ಮಲಗಿ, ಕರಿಮಣ್ಣಿನೊಳಗೆ ಭುಜದವರೆಗೆ ಕೈ ತೂರಿಸಿದಳು. ಎದ್ದವಳೇ ವಾರ್ವಿಕ್ ಪೆಂಡ್ರಿಯ ಹತ್ತಿರ ಓಡಿದಳು. ಅವನು ಹದಬೆಂಕಿಯ ಮುಖ್ಯಸ್ಥ, ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು, ಒಳ್ಳೆಯ ಕೆಲಸಗಾರ, ಜಗಮೊಂಡ.

"ವಾರ್ವಿಕ್, ಇವತ್ತು ಬೇಡ ಕಣೋ. ಮೇಲೆ ನೀರಿದೆ, ಒಳಗೆಲ್ಲ ನಶ್ಯದ ಪುಡಿ ಇದ್ದ ಹಾಗಿದೆ."

"ನೀರು ನಿಂತಿದೆ, ಒಳಗೆ ಒಣಗಿದೆ! ಏನೇ ಹಂಗಂದ್ರೆ? ಬೆಳಿಗ್ಗೆ ಬೆಳಿಗ್ಗೆ ನನ್ನ ತಲೆ ತಿನ್ಬೇಡ."

"ಪೂರಾ ಒಣಗಿದ ಕರಿಮಣ್ಣು ನೀರು ಕುಡಿಯಲ್ಲ ಕಣೋ. ಎಣ್ಣೆ ಸವರಿದ ಕಾವಲಿ ಮೇಲೆ ನಿಂತ ಹಾಗೆ ಸುಮ್ನೆ ನಿಂತಿದೆ ಅಷ್ಟೇ. ಅದನ್ನ ನಿಧಾನವಾಗಿ ನೆನೆಸೋಕೆ ಚಳಿಗಾಲದ ಮಳೇನೇ ಬೇಕು."

ವಾರ್ವಿಕ್ ಜೌಗಿನೊಳಗೆ ಒಂದು ಹೆಜ್ಜೆ ಇಟ್ಟ, ತೊಟ್ಟಿಕ್ಕುವ ಬೂಟನ್ನು ಎತ್ತಿ ಎಲ್ಲರಿಗೂ ತೋರಿಸಿದ. "ನೋಡ್ರಪ್ಪಾ, ಟಕ್‌ವೆಲ್ ಬೂಟು. ಒದ್ದೆ ಆಗಿದೆಯಾ ಇಲ್ವಾ?"

"ನಾನೇ ಟಕ್‌ವೆಲ್ ಕಣೋ!" ಎಂದು ಅರಚಿದಳು ರೇಲೀನ್.

"ಅದನ್ನೇ ಹೇಳ್ತಿರೋದು ತಾಯಿ. ನಿನ್ನ ನಿಯಮಾನೇ ಪಾಲಿಸ್ತಿದೀನಿ, ನನ್ ಮೇಲೆ ಯಾಕೆ ಹಾರಾಡ್ತೀಯ?"

ಗುಂಪಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಪು ಬಾವುಟ ಜನರ ಜೀವಕ್ಕೆಂದು ಇದ್ದದ್ದು, ಜೌಗಿಗಾಗಿಯೂ ಎತ್ತಬಹುದೆಂದು ಆಗ ಅವಳಿಗೂ ಹೊಳೆಯಲಿಲ್ಲ. ಆಮೇಲೆ ಹಚ್ಚಿದರು.

ದಿಬ್ಬ ಚಂದವಾಗಿ, ಹೇಳಿದಷ್ಟೇ ಉರಿಯಿತು. ಸಂಜೆ ಬೆನ್ನು ತಟ್ಟಿಕೊಂಡು ಮನೆಗೆ ಹೋದರು. ಒಂದು ವಾರ ಕಳೆದ ಮೇಲೆ ಜೌಗಿನ ನಡುವಿನಿಂದ ಎಳೆಎಳೆಯಾಗಿ ಹೊಗೆ ಎದ್ದಿತು. ಬೆಂಕಿ ನೆಲದೊಳಗೆ ಇಳಿದಿತ್ತು. ಬೇಸಿಗೆಯೆಲ್ಲ ಟ್ಯಾಂಕರುಗಟ್ಟಲೆ ನೀರು ಸುರಿದರೂ ಆ ಪಾಪಿ ಮಣ್ಣು ಕುಡಿಯಲಿಲ್ಲ. ಅಂಚಿನ ಮರಗಳು ಬೇರು ಸುಟ್ಟು ಒಂದೊಂದಾಗಿ ಮಗುಚಿದವು. ಕಾರ್ಡನಪ್‌ನಲ್ಲಿ ಒಣಹಾಕಿದ ಬಟ್ಟೆಗೆಲ್ಲ ಹೊಗೆ ವಾಸನೆ, ಲಿಂಡ್ಸೆಯ ಬಸ್ಸಿನಲ್ಲಿ ಮಕ್ಕಳೆಲ್ಲ ಕೆಮ್ಮುವವರೇ. ಅದು ಆರಿದ್ದು ಈ ವರ್ಷದ ಚಳಿಗಾಲದಲ್ಲಿ, ಅದೂ ಸುಡಲು ಏನೂ ಉಳಿದಿರಲಿಲ್ಲ ಎಂದು. ರೇಲೀನ್ ಸಂಜೆ ಸಂಜೆ ಹೋಗಿ ಬೂದಿಯ ಅಂಚಿನಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಒಂದು ಕಪ್ಪೆಯೂ ಕೂಗಲಿಲ್ಲ.

ಹೊಟ್ಟೆ ಉರಿಯುವುದು ಇಲ್ಲಿಗೇ ಮುಗಿಯಲಿಲ್ಲ. ಈ ವರ್ಷದ ಕೂಟದಲ್ಲಿ ಡಂಕ್ಲೀ ಜೌಗಿನ ವಿಷಯ ಮಂಡಿಸಲು ರಾಜಧಾನಿಯಿಂದ ಡಾಕ್ಟರ್ ಹ್ಯಾಮಿಶ್ ಟ್ರೆಗೋ ಬಂದಿದ್ದ. ಬೆಂಕಿ ಹರಡುವ ಲೆಕ್ಕದಲ್ಲಿ ಹೆಸರು ಮಾಡಿದವನು, ಇಸ್ತ್ರಿ ಮಾಡಿದ ಅಂಗಿಯಂಥ ಮಾತು. ಚಿತ್ರ ತೋರಿಸಿದ, ನಕ್ಷೆ ತೋರಿಸಿದ, ತಿಪ್ಪೆ ಸಾರಿಸಿದ. ಕೊನೆಗೆ ಹೇಳಿದ: "ಎಲ್ಲರೂ ಒಪ್ಪಿದ ಟಕ್‌ವೆಲ್ ಬೂಟು ನಿಯಮವನ್ನ ಚಾಚೂ ತಪ್ಪದೆ ಪಾಲಿಸಿದ್ರೂ ಹೀಗಾಯ್ತು. ಹೀಗಾಗುತ್ತೆ ಅಂತ ಯಾರಿಗೂ ಗೊತ್ತಾಗೋಕೆ ಸಾಧ್ಯ ಇರ್ಲಿಲ್ಲ. ಈ ವರ್ಷ ಅದೇ ನಿಯಮದ ಮೇಲೆ, ಇನ್ನೂ ಹೆಚ್ಚು ಟ್ಯಾಂಕರ್ ಇಟ್ಕೊಂಡು, ಮೇಬಲ್ ಜೌಗಿನ ದಿಬ್ಬಕ್ಕೆ ಹಚ್ತೀವಿ."

ಮೇಬಲ್! ನಮ್ಮ ಊರಿನ ನದಿಯ ಈಚೆ ದಡದಲ್ಲಿ ಕಿತ್ತಳೆ ಹೊಟ್ಟೆಯ ಕಪ್ಪೆ ಇನ್ನೂ ಕೂಗುತ್ತಿದ್ದುದು ಅದೊಂದೇ ಜೌಗಿನಲ್ಲಿ. ಈ ಚಳಿಗಾಲವೂ ಮಳೆ ನೆಪಕ್ಕಷ್ಟೇ ಬಂದಿತ್ತು.

ರೇಲೀನ್ ಎದ್ದು ನಿಂತಳು. "ಯಾರಿಗೂ ಗೊತ್ತಿರ್ಲಿಲ್ವಾ? ನಾನು ಬಾಯಿ ಬಡ್ಕೊಂಡೆ. ಮುಖ್ಯಸ್ಥನ ಮುಂದೆ ನಿಂತು ಹೇಳ್ದೆ."

"ರೇಲೀನ್, ಇಲ್ಲಿ ಯಾರ ಹೆಸರೂ ಎತ್ತೋ ಹಾಗಿಲ್ಲ, ನಿನಗೆ ಗೊತ್ತಲ್ಲ," ಎಂದರು ಅಧ್ಯಕ್ಷರು.

"ನನ್ನ ಹೆಸರು ಮಾತ್ರ ಎತ್ಬಹುದಾ? ಅವನ ಬಾಯಲ್ಲಿ ಈಗ ತಾನೇ ಬಂತಲ್ಲ! ಹಚ್ಚಿದವರಿಗೆ ಹೆಸರಿಲ್ಲ, ಹಚ್ಚಬೇಡ ಅಂದವಳಿಗೆ ಹೆಸರು. ಯಾವ ಊರಿನ ನ್ಯಾಯ ಸ್ವಾಮಿ ಇದು?"

ಅವಳು ಸೀದಾ ವೇದಿಕೆಗೆ ಹೋಗಿ, ಚೀಲದಿಂದ ಒಣಗಿದ ಕರಿಮಣ್ಣಿನ ಒಂದು ಹೆಂಟೆ ತೆಗೆದು ಮೇಜಿನ ಮೇಲಿಟ್ಟಳು. ಅಧ್ಯಕ್ಷರ ಲೋಟದ ನೀರನ್ನೇ ಎತ್ತಿ ಅದರ ಮೇಲೆ ಸುರಿದಳು. ನೀರು ಗುಂಡುಗುಂಡಾಗಿ ಹೆಂಟೆಯ ಮೇಲೆಯೇ ಕೂತಿತು. ಹೆಂಟೆಯನ್ನು ಎರಡು ಹೋಳು ಮಾಡಿದಳು. ಒಳಗಿನಿಂದ ಪುಡಿ ಉದುರಿ ಟ್ರೆಗೋನ ಕಾಗದಗಳ ಮೇಲೆ ಹರಡಿತು.

"ಇದು ಈ ಚಳಿಗಾಲದ ಮೇಬಲ್," ಎಂದಳು. "ಈಗ ಗೊತ್ತಾಯ್ತಾ?"

ಜನ ಕತ್ತು ಚಾಚಿ ನೋಡಿದರು, ಚಪ್ಪಾಳೆಯೂ ಬಿತ್ತು. ಅವಳ ಎದೆ ಒಂದಿಷ್ಟು ಹಗುರವಾಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೈಯೆತ್ತಿದ. "ಅದ್ಭುತವಾಗಿದೆ. ನೀರು ಎಷ್ಟು ನಿಮಿಷ ನಿಂತ್ರೆ ಒಣಗಿದೆ ಅಂತ ಲೆಕ್ಕ?" ಸರಸರನೆ ಪೆನ್ನುಗಳು ಹೊರಬಂದವು. ಇನ್ನೊಬ್ಬ, "ಲೋಟದ ಚಿತ್ರ ಹಾಕಿ ಹೊಸ ಸ್ಟಿಕ್ಕರ್ ಮಾಡ್ಬಹುದು. ಟಕ್‌ವೆಲ್ ಲೋಟ!" ಎಂದ. ಅವನು ತಮಾಷೆಗೆ ಹೇಳಿದ್ದಲ್ಲ. ಟ್ರೆಗೋ ಕಾಗದ ಕೊಡವುತ್ತ, "ಕುತೂಹಲಕರವಾಗಿದೆ, ಮುಂದಿನ ವರ್ಷ ಪರಿಶೀಲಿಸೋಣ," ಎಂದ. ಅಧ್ಯಕ್ಷರು ಚಹಾಕ್ಕೆ ಬಿಡುವು ಕೊಟ್ಟರು.

"ನಿಮಿಷ ಬೇಕಂತೆ, ನಿಮಿಷ! ಕೈ ಹಾಕಿ ನೋಡೋಕೆ ಏನ್ರೋ ರೋಗ ನಿಮಗೆ?" ಎಂದವಳೇ ರೇಲೀನ್ ಹೊರಗೆ ನಡೆದಳು. ಹಿಂದೆ ಲ್ಯಾಮಿಂಗ್ಟನ್ ಕೇಕಿನ ತಟ್ಟೆಗಳು ಸದ್ದು ಮಾಡುತ್ತಿದ್ದವು.

ಮನೆಯಲ್ಲಿ ಲಿಂಡ್ಸೆ ಎಲ್ಲ ಕೇಳಿಸಿಕೊಂಡು, "ಲೋಟದ ಸ್ಟಿಕ್ಕರ್ ಬಂದ್ರೆ ನನ್ನ ಬಸ್ಸಿಗೂ ಒಂದು ತಂದ್ಕೊಡು," ಎಂದ. ಅವಳ ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆ ಅವನ ಮುಖಕ್ಕೆ ಹೋಗಿ ಬಿತ್ತು. ಅದನ್ನು ಮಡಿಸಿಟ್ಟು ಅವನು ಮೆಲ್ಲಗೆ ಹೇಳಿದ: "ನಗಿಸೋಕೆ ಅಂದೆ ಕಣೇ. ನೋಡು, ನೀನು ಹೇಳೋದನ್ನ ಬಿಡು. ಹೇಳಿದ್ದನ್ನೆಲ್ಲ ಅವರು ಚಿಕ್ಕದು ಮಾಡ್ಕೋತಾರೆ. ವಾರ್ವಿಕ್ ಕೈನೇ ಒಳಗೆ ಹಾಕ್ಸು. ಕೈನ ಚಿಕ್ಕದು ಮಾಡೋಕಾಗಲ್ಲ."

ವಸಂತದ ಮೊದಲ ಮಳೆಗೆ ಈ ಸಲವೂ ಜೌಗುಗಳ ಮೇಲೆ ನೀರು ನಿಂತಿತು. ಮೇಬಲ್ ಜೌಗಿನ ದಿಬ್ಬಕ್ಕೆ ಹಚ್ಚುವ ದಿನ ಅವಳು ಎಲ್ಲರಿಗಿಂತ ಮೊದಲೇ ಹೋಗಿ ನಿಂತಿದ್ದಳು. ವಾರ್ವಿಕ್‌ನ ಗುಂಪು ಬಂತು. ಗಾಡಿಗಳ ಬಾಗಿಲು ತೆರೆದವು, ಪ್ರತಿ ಗಾಡಿಯಿಂದಲೂ ಆ ಹಳದಿ ಬೂಟು ಅವಳನ್ನೇ ನೋಡಿತು. ಹುಡುಗರು ಬೆಂಕಿ ಹಚ್ಚುವ ಉರಿಡಬ್ಬಿಗಳಿಗೆ ಎಣ್ಣೆ ತುಂಬಲು ಕೂತರು. ವೈರ್‌ಲೆಸ್‌ನಲ್ಲಿ ಬೇರೆ ಗುಂಪುಗಳ ಮಾತು ಕೇಳುತ್ತಿತ್ತು. ಅದೇ ಬೆಳಗ್ಗೆ ಮಾರ್ಲಪ್‌ನಲ್ಲೂ ಜೆನ್ನಕಪ್‌ನಲ್ಲೂ ಜೌಗಿನ ದಿಬ್ಬಗಳಿಗೆ ಹಚ್ಚುವವರಿದ್ದರು. "ಮಾರ್ಲಪ್‌ನಲ್ಲಿ ಬೂಟು ಒದ್ದೆ," ಎಂದಿತು ಒಂದು ದನಿ. ಅದು ಹ್ಯಾಮಿಶ್ ಟ್ರೆಗೋನದೇ. ಈ ಸಲ ಖುದ್ದಾಗಿ ನಿಂತು ಹಚ್ಚಿಸುತ್ತೇನೆಂದು ಆ ಗುಂಪಿನ ಮುಖ್ಯಸ್ಥನಾಗಿ ಬಂದಿದ್ದ.

ವಾರ್ವಿಕ್ ಜೌಗಿನ ಕಡೆ ಹೊರಟವನು ರೇಲೀನ್‌ಳನ್ನು ಕಂಡು ನಿಂತ. "ಬೂಟು ಒದ್ದೆ ಮಾಡೋಕೆ ಬಿಡ್ತೀಯೋ, ಅದಕ್ಕೂ ನಿನ್ನ ಅಪ್ಪಣೆ ಬೇಕೋ?"

"ಬೂಟು ಸಾಕು ಮಾರಾಯ, ಎಷ್ಟು ವರ್ಷದಿಂದ ಬೂಟು ಹಾಕಿದೀಯ. ಇವತ್ತೊಂದಿನ ಕೈ ಹಾಕು."

"ಅಂಗಿ ಕೊಳೆ ಆಗತ್ತೆ."

"ಬಿಚ್ಚಿ ಹಾಕು. ನಿನ್ನ ಹೊಟ್ಟೆ ನಾವೆಲ್ಲ ನೋಡಿರೋದೇ."

ಹುಡುಗರು ಕಿಸಕ್ಕೆಂದರು. "ಹಾಕಿ ಬಾಸ್, ಕಪ್ಪೆ ಏನ್ ಕಚ್ಚಲ್ಲ," ಎಂದ ಒಬ್ಬ. ಹೋದ ಸಲ ನಗು ಅವಳ ಮೇಲಿತ್ತು, ಈ ಸಲ ಅವನ ಮೇಲೆ ತಿರುಗಿತು. ವಾರ್ವಿಕ್ ಕೆಂಪಗಾಗಿ ಅಂಗಿ ಬಿಚ್ಚಿ ಗಾಡಿಯ ಮೇಲೆ ಎಸೆದ. "ಆಮೇಲೆ ಸುಮ್ನಿರ್ತೀಯ ತಾನೇ?" ಎನ್ನುತ್ತ ನೀರಿನಲ್ಲಿ ಬೋರಲು ಮಲಗಿ, ಆಪಿನ ಬುಡದಲ್ಲಿ ಕೈ ತೂರಿಸಿದ. ಮೊಣಕೈವರೆಗೆ ಹೋಯಿತು. ಭುಜದವರೆಗೆ ಹೋಯಿತು. ಕೆನ್ನೆ ನೀರಿಗೆ ತಾಗಿತು.

ಅವನು ಒಳಗೆ ಬೆರಳಾಡಿಸಿ ತಡವಿದ. ಆಮೇಲೆ ಮೆಲ್ಲಗೆ ಕೈ ಹೊರಗೆಳೆದು, ಮುಷ್ಟಿ ಬಿಚ್ಚಿದ. ತೋಳೆಲ್ಲ ಒದ್ದೆ. ಅಂಗೈಯಲ್ಲಿ ಮಾತ್ರ ಒಣಪುಡಿ. ಉಸಿರು ಬಿಟ್ಟರೆ ಹಾರುವಂಥದ್ದು.

"ಒಣಗಿದೆ ಕಣೇ ಒಳಗೆ," ಎಂದ. ದನಿ ಇಳಿದಿತ್ತು. "ಡಂಕ್ಲೀನೂ ಹೀಗೇ ಇತ್ತಾ?"

"ಹೀಗೇ ಇತ್ತು."

ಅವನು ಎದ್ದು ಗಾಡಿಗೆ ಹೋಗಿ ವೈರ್‌ಲೆಸ್ ಹಿಡಿದ. "ಟಮ್ಸಿನ್, ಮೇಬಲ್ ರದ್ದು. ಇವತ್ತು ಹಚ್ಚಲ್ಲ." ಟಮ್ಸಿನ್ ಎಂದರೆ ಕೇಂದ್ರದಲ್ಲಿ ಕೂತು ಎಲ್ಲ ಗುಂಪುಗಳ ಮಾತನ್ನು ಬರೆದುಕೊಳ್ಳುವ ಹುಡುಗಿ.

"ಕಾರಣ ಏನು ಬರೀಲಿ?"

ವಾರ್ವಿಕ್ ಅಂಗೈಯ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಗಾಳಿ," ಎಂದ.

ರೇಲೀನ್ ತಲೆ ಎತ್ತಿ ನೋಡಿದಳು. ಕಾರಿ ಮರಗಳ ತುದಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. "ಗಾಳಿಯಾ? ಎಲ್ಲಿದೆಯೋ ಗಾಳಿ?"

"ಇನ್ನೇನ್ ಹೇಳ್ಲಿ? ಗಾಳಿ, ಸೆಖೆ, ಜನ ಸಾಲದು, ಇಷ್ಟೇ ಇರೋದು ಅವರ ಹತ್ರ. ನಾನು ಹೋದ ವರ್ಷ ತಪ್ಪು ಮಾಡ್ದೆ ಅಂತ ಡಂಗುರ ಹೊಡೀಬೇಕಾ? ನಿನ್ನ ಜೌಗು ಉಳೀತಲ್ಲ, ಕಪ್ಪೆ ಉಳೀತಲ್ಲ. ಮನೆಗೆ ಹೋಗೇ ತಾಯಿ."

ಅಯ್ಯೋ, ಎಂಥ ಮಾತು! ಉಳಿದದ್ದು ನಿಜ, ಈ ವರ್ಷಕ್ಕೆ. ಬರುವ ವರ್ಷ ಇನ್ಯಾರೋ ಬಂದು, ಹೋದ ಸಲ ಗಾಳಿಯಿತ್ತಂತೆ, ಈ ಸಲ ಇಲ್ಲವಲ್ಲ ಎಂದು, ಬೂಟು ಒದ್ದೆ ಮಾಡಿಕೊಂಡು ಹಚ್ಚುತ್ತಾನೆ. ಬರುವ ವರ್ಷದ ಮಾತೇಕೆ, ಇವತ್ತು, ಈ ಗಳಿಗೆಯಲ್ಲಿ ಮಾರ್ಲಪ್‌ನಲ್ಲಿ ಆ ಇಸ್ತ್ರಿ ಅಂಗಿಯವನು ಅವಳದೇ ಹೆಸರು ಹೇಳಿಕೊಂಡು ಹಚ್ಚಲು ನಿಂತಿದ್ದಾನೆ. "ಹುಡುಗರು ಸಾಲಾಗಿ ನಿಂತಿದಾರೆ, ಶುರು ಮಾಡ್ತೀವಿ," ಎಂದಿತು ವೈರ್‌ಲೆಸ್.

ಅವಳು ವಾರ್ವಿಕ್‌ನ ಕೈಯಿಂದ ಅದನ್ನು ಕಿತ್ತುಕೊಂಡಳು.

"ಕೆಂಪು ಬಾವುಟ," ಎಂದಳು. "ಕೆಂಪು ಬಾವುಟ. ನಾನು ರೇಲೀನ್ ಟಕ್‌ವೆಲ್, ಮೇಬಲ್ ಜೌಗಿನಿಂದ."

ಎಲ್ಲ ಕಡೆಯ ಮಾತೂ ಕತ್ತರಿಸಿದಂತೆ ನಿಂತಿತು. ಅಲ್ಲೇ ಪಕ್ಕದಲ್ಲಿ ಎಣ್ಣೆ ತುಂಬುತ್ತಿದ್ದ ಹುಡುಗ ಕೂಡ ಡಬ್ಬಿ ಕೆಳಗಿಟ್ಟ.

"ಬಾವುಟದ ಮಾತು ಇದು. ಚಳಿಗಾಲ ಪೂರ್ತಿ ಮಳೆ ಆಗಿಲ್ಲ ಅಂದ್ರೆ, ಜೌಗಿನ ಮೇಲೆ ನೀರು ನಿಂತಿದ್ರೂ ನಂಬ್ಬೇಡಿ. ಭುಜದವರೆಗೆ ಕೈ ಹಾಕಿ ನೋಡಿ. ಒಳಗೆ ಒಣಗಿದ್ರೆ ದಿಬ್ಬಕ್ಕೆ ಹಚ್ಚಬೇಡಿ. ಈಗ ತಿರುಗಿ ಹೇಳಿ. ಜೆನ್ನಕಪ್."

ಜೆನ್ನಕಪ್‌ನ ಮುಖ್ಯಸ್ಥೆ ಹಳಬಳು, ಒಂದು ಅಕ್ಷರ ಬಿಡದೆ ಒಪ್ಪಿಸಿದಳು.

"ಮಾರ್ಲಪ್."

"ಮಾರ್ಲಪ್, ಹ್ಯಾಮಿಶ್ ಟ್ರೆಗೋ. ಕೈ ಹಾಕಿ ನೋಡ್ಬೇಕು, ಒಣಗಿದ್ರೆ ಹಚ್ಬಾರ್ದು. ಗೊತ್ತಾಯ್ತು, ಮುಂದುವರಿಸ್ತೀವಿ."

"ಮುಂದುವರಿಸೋ ಹಾಗಿಲ್ಲ. ಪೂರ್ತಿ ಹೇಳು."

"ರೇಲೀನ್, ಸಾರಾಂಶ ಅದೇ ತಾನೇ..."

"ಸಾರಾಂಶ ಕೇಳಿಲ್ಲ ನಾನು. ಪೂರ್ತಿ."

ವೈರ್‌ಲೆಸ್ ಸ್ವಲ್ಪ ಹೊತ್ತು ಸಿಡಿಮಿಡಿಗುಟ್ಟಿತು. "ಜೌಗಿನ ಮೇಲೆ ನೀರು ನಿಂತಿದ್ರೂ ನಂಬ್ಬೇಡಿ, ಭುಜದವರೆಗೆ ಕೈ ಹಾಕಿ ನೋಡಿ, ಒಳಗೆ ಒಣಗಿದ್ರೆ ದಿಬ್ಬಕ್ಕೆ ಹಚ್ಚಬೇಡಿ."

"ಚಳಿಗಾಲ ಎಲ್ಲಿ ಹೋಯ್ತು?" ರೇಲೀನ್‌ಳ ದನಿ ಏರಿತು. "ಇಷ್ಟು ವರ್ಷದಿಂದ ಅದನ್ನೇ ನುಂ‍ಗ್ತಾ ಬಂದಿದೀರಲ್ಲೋ! ನನ್ನ ಬಾಯಲ್ಲಿ ಮೊದಲು ಬಂದಿದ್ದೇ ಅದು. ಮೊದಲಿಂದ ಹೇಳು."

ಎಲ್ಲ ಗಾಡಿಗಳಲ್ಲೂ ಕೇಳುತ್ತಿದೆ ಎಂಬುದು ಟ್ರೆಗೋನಿಗೂ ಗೊತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ. "ಚಳಿಗಾಲ ಪೂರ್ತಿ ಮಳೆ ಆಗಿಲ್ಲ ಅಂದ್ರೆ," ಎಂದು ಮೊದಲಿನಿಂದ ಶುರುಮಾಡಿ ಕೊನೆಯವರೆಗೂ ಹೇಳಿದ. ಆಮೇಲೆ, "ನಾವು ಕೈ ಹಾಕಿಲ್ಲ. ಹಾಕಿ ನೋಡಿ ಹೇಳ್ತೀವಿ," ಎಂದ.

ರೇಲೀನ್ ವೈರ್‌ಲೆಸ್ಸನ್ನು ವಾರ್ವಿಕ್‌ನ ಮುಂದೆ ಹಿಡಿದಳು.

"ನಾನು ಇಲ್ಲೇ ನಿಂತಿದೀನಲ್ಲೇ, ಎಲ್ಲ ಕೇಳಿಸ್ಕೊಂಡೆ," ಎಂದ ಅವನು.

"ಪ್ರತಿ ಗುಂಪಿನ ಮುಖ್ಯಸ್ಥನೂ ಹೇಳ್ಬೇಕು."

ಅವನು ಅವಳನ್ನು ನೋಡಿದ, ತನ್ನ ಕರಿಮಣ್ಣು ಮೆತ್ತಿದ ಕೈಯನ್ನು ನೋಡಿಕೊಂಡ. ಆಮೇಲೆ ವೈರ್‌ಲೆಸ್ ಹಿಡಿದು ಒಂದೊಂದೇ ಮಾತನ್ನು ನಿಧಾನವಾಗಿ, ಏನೂ ಬಿಡದೆ ಹೇಳಿದ. ಹೇಳಿ ಮುಗಿಸಿದ ಮೇಲೂ ಗುಂಡಿ ಬಿಡಲಿಲ್ಲ. "ಟಮ್ಸಿನ್, ಮೇಬಲ್‌ಗೆ ಗಾಳಿ ಅಂತ ಬರ್ದಿದೀಯಲ್ಲ, ಅದನ್ನ ಹೊಡೆದ್ಹಾಕು. ಗಾಳಿ ಇಲ್ಲ. ಈಗ ನಾನು ಹೇಳಿದ್ನಲ್ಲ, ಅದೇ ಕಾರಣ. ಡಂಕ್ಲೀಲೂ ಹೀಗೇ ಇತ್ತು, ರೇಲೀನ್ ಹೇಳಿದ್ಲು, ನಾನು ಕೇಳ್ಲಿಲ್ಲ. ಅದನ್ನೂ ಬರ್ಕೋ."

ಆಚೆಯಿಂದ ಟಮ್ಸಿನ್, "ಅಷ್ಟೊಂದಾ? ಇಲ್ಲಿ ಜಾಗ ಸಾಲಲ್ಲ," ಎಂದಳು.

ರೇಲೀನ್ ಮತ್ತೆ ಅವನ ಕೈಯಿಂದ ವೈರ್‌ಲೆಸ್ ಕಿತ್ತುಕೊಂಡಳು.

"ಸಾಲ್ದಿದ್ರೆ ಹಾಳೆ ಮಗುಚಿ ಆ ಕಡೆ ಬರಿ," ಎಂದಳು. "ಬರೆದು ಮುಗಿಸಿ ನನಗೆ ಓದಿ ಹೇಳು. ಕಾಯ್ತಾ ಇದೀನಿ."